ಹದಿನೇಳನೆಯ ಹಾಳೆ

ಗುತ್ಯಪ್ಪನವರ ಮನೆಯ ದೇವರ ಗೂಡಿನಲ್ಲಿ ಕೆಂಪು ವಸ್ತ್ರದ ಒಂದು ಗಂಟು ಇದೆ ಎಂಬುದು ನನಗೆ ಹನ್ನೊಂದು ವರ್ಷಗಳಿಂದ ಗೊತ್ತಿತ್ತು. ಆ ಗಂಟಿನೊಳಗೆ ಅವರದಲ್ಲದ ಒಂದು ಹಾಳೆ ಇದೆ, ಅದು ಹೊರಗೆ ಬಂದ ದಿನ ನನ್ನ ಹೆಸರಿಗೆ ಅಂಟಿದ ಮಸಿ ಹೋಗುತ್ತದೆ ಎಂಬುದೂ ಗೊತ್ತಿತ್ತು. ಯಾರಿಗೂ ಹೇಳಲಿಲ್ಲ. ಹೇಳಿದ್ದರೆ ಅದೇ ಸಂಜೆ ಆ ಹಾಳೆ ಒಲೆ ಸೇರುತ್ತಿತ್ತು. ಕಾಯುವುದು ನನಗೆ ಕಷ್ಟದ ಕೆಲಸವಲ್ಲ. ಮೂವತ್ತೈದು ವರ್ಷ ಹಳೆಯ ಕಡತಗಳ ನಡುವೆ ಕೂತವಳು ನಾನು.

ಸೊರಬದ ಕಡೆಯ ಒಂದು ಸರ್ಕಾರಿ ಕಚೇರಿಯಲ್ಲಿ ನನಗೆ ಕೆಲಸವಿತ್ತು. ಕಚೇರಿಯ ಹೆಸರು ಬೇಡ, ಈಗ ಅಲ್ಲಿರುವವರಿಗೂ ಈ ವಿಷಯಕ್ಕೂ ಸಂಬಂಧವಿಲ್ಲ. ಶಿವಮೊಗ್ಗದಲ್ಲಿ ಬಿ.ಎ. ಮುಗಿಸಿ ಸೇರಿದ ನನಗೆ ರೆಕಾರ್ಡ್ ರೂಮು ಒಪ್ಪಿಸಿದರು. ಮುಗಿದ ಕಡತ ಅಲ್ಲಿಗೆ ಬಂದರೆ ಮೊದಲು ಪ್ರತಿ ಹಾಳೆಯ ಮೇಲೆ, ಬಲ ಮೂಲೆಯಲ್ಲಿ, ಕೆಂಪು ಪೆನ್ಸಿಲಿನಿಂದ ಅಂಕಿ ಹಾಕಬೇಕು. ಉಳಿದವರು ಬರೀ ಅಂಕಿ ಹಾಕುತ್ತಿದ್ದರು. ನಾನು ಕನ್ನಡ ಅಂಕಿ ಬರೆದು ಅದರ ಸುತ್ತ ಒಂದು ಸೊನ್ನೆ ಸುತ್ತುತ್ತಿದ್ದೆ. ಪ್ರತಿ ಹಾಳೆಯ ಕೆಳಗೂ ನೇರಳೆ ಮೊಹರು ಒತ್ತಿ, ಕೊನೆಗೆ ಒಟ್ಟು ಇಷ್ಟು ಹಾಳೆ ಎಂದು ಬರೆದು ಸಹಿ. ಆ ಸಹಿ ಬಿದ್ದ ಮೇಲೆ ಒಂದು ಹಾಳೆ ಕಡಿಮೆಯಾದರೂ ಹೊಣೆ ನನ್ನದು.

ಎಂಬತ್ತೊಂಬತ್ತನೆಯ ಇಸವಿಯ ಭೂಮಿ ಹುಣ್ಣಿಮೆಯ ಹಿಂದಿನ ದಿನ. ಹಬ್ಬದ ಮುನ್ನಾದಿನವಾದ್ದರಿಂದ ಕಚೇರಿಯಲ್ಲಿ ಅರ್ಧ ಜನ ಇರಲಿಲ್ಲ. ಹೊಸಬಾಳೆಯಿಂದ ಆಚೆಗಿನ ಒಂದು ಹಳ್ಳಿಯ ಗುತ್ಯಪ್ಪನವರು ಒಂದು ಕಡತ ನೋಡಬೇಕೆಂದು ಅರ್ಜಿ ಹಿಡಿದು ಬಂದರು. ಅವರಿಗೆ ಆಗ ನಲವತ್ತೈದರ ಸುಮಾರು. ಇಸ್ತ್ರಿ ಮಾಡಿದ ಅಂಗಿ, ಮೆಲುಮಾತು. ಅವರ ಗದ್ದೆಯ ನಡುವೆ ಕೆರೆಗೆ ಹೋಗುವ ಹಳೆಯ ಬಂಡಿದಾರಿ ಇತ್ತು. ಅದನ್ನು ಅವರು ಬೇಲಿ ಹಾಕಿ ಮುಚ್ಚಿದ್ದರು, ಊರವರು ತಕರಾರು ಹೂಡಿದ್ದರು. ದಾರಿ ಇತ್ತು ಎನ್ನುವುದಕ್ಕೆ ಇದ್ದ ಒಂದೇ ಆಧಾರ ಆ ಕಡತದ ಹದಿನೇಳನೆಯ ಹಾಳೆ. ಹಿಂದೆ ಯಾರೋ ಅಧಿಕಾರಿ ಸ್ಥಳಕ್ಕೆ ಹೋಗಿ ಬರೆದ ಕೈನಕ್ಷೆ. ಇದೆಲ್ಲ ನನಗೆ ಆಮೇಲೆ ತಿಳಿದದ್ದು.

ಅವರು ನನ್ನೆದುರು ಕೂತು ಹಾಳೆ ಮಗುಚುತ್ತಿದ್ದರು. ಸ್ವಲ್ಪ ಹೊತ್ತಿಗೆ ಹಣೆ ಒತ್ತಿಕೊಂಡು, ಬೆಳಗಿನಿಂದ ಹೊಟ್ಟೆಗೆ ಏನೂ ಬಿದ್ದಿಲ್ಲ, ತಲೆ ಸುತ್ತುತ್ತಿದೆ, ಒಂದು ಲೋಟ ನೀರು ಸಿಗುತ್ತದೆಯೇ ಎಂದರು. ಪಕ್ಷಗಾರರ ಎದುರು ಕಡತ ಬಿಟ್ಟು ಏಳಬಾರದು ಎಂಬುದು ನಿಯಮ. ಬಾಯಾರಿದವರಿಗೆ ನೀರು ಕೊಡಬೇಕು ಎಂಬುದು ನನ್ನ ತಾಯಿ ಕಲಿಸಿದ್ದು. ನಾನು ಎದ್ದೆ. ಹೂಜಿ ವೆರಾಂಡದಲ್ಲಿತ್ತು. ಹೋಗಿ ಬರುವುದಕ್ಕೆ ಒಂದು ನಿಮಿಷ ಹಿಡಿದಿರಬಹುದು. ಅವರು ನೀರು ಕುಡಿದು, ತಣ್ಣಗಿರು ತಾಯಿ ಎಂದು ಹರಸಿ ಹೋದರು.

ಹಾಳೆ ಇಲ್ಲವೆಂದು ಗೊತ್ತಾದದ್ದು ಎರಡು ತಿಂಗಳ ಮೇಲೆ, ತಕರಾರಿನ ವಿಚಾರಣೆಗೆ ಕಡತ ಕೇಳಿದಾಗ. ನನ್ನನ್ನು ಮೂರು ತಿಂಗಳು ಅಮಾನತಿನಲ್ಲಿಟ್ಟರು. ನನ್ನ ವಿಚಾರಣೆಯ ದಿನ ಗುತ್ಯಪ್ಪನವರು ಸಾಕ್ಷಿ ಹೇಳಲು ಬಂದು ಕೈ ಮುಗಿದು ನಿಂತರು. ಅವರು ಆಡಿದ ಮಾತು ಇವತ್ತಿಗೂ ಹಾಗೇ ಕಿವಿಯಲ್ಲಿದೆ.

“ಹೆಣ್ಣುಮಗಳು ಸಾಹೇಬ್ರೆ. ಮನೇಲಿ ತಾಯಿಗೆ ಕಾಯಿಲೆಯಂತೆ. ಏನೋ ಚಿಂತೇಲಿ ಎಲ್ಲಿಟ್ರೋ ಮರ್ತಿರ್ಬೇಕು. ದೊಡ್ಡದು ಮಾಡ್ಬೇಡಿ, ಬಿಟ್ಟುಬಿಡಿ.”

ಎಂಥ ದೊಡ್ಡ ಮನಸ್ಸು ಎಂದು ಎಲ್ಲರೂ ಅವರ ಕಡೆ ನೋಡಿದರು. ನನ್ನ ಪರವಾಗಿ ಬೇಡಿಕೊಂಡೇ ನನ್ನನ್ನು ಅಪರಾಧಿ ಮಾಡಿದ್ದರು. ಮನುಷ್ಯರ ದಯೆಯನ್ನು ತಿರುಗಿಸಿ ನೋಡುವುದನ್ನು ನಾನು ಅವತ್ತು ಕಲಿತೆ. ಕೊನೆಗೆ ನನಗೆ ವಾಗ್ದಂಡನೆಯಾಯಿತು. ಸೇವಾ ಪುಸ್ತಕದಲ್ಲಿ ಕೆಂಪು ಶಾಯಿಯಲ್ಲಿ ಒಂದು ಸಾಲು ಬಿತ್ತು: ಹಾಳೆ ೧೭ ಕಳೆದ ನಿರ್ಲಕ್ಷ್ಯಕ್ಕಾಗಿ. ದುಡ್ಡು ತಿಂದು ಕೊಟ್ಟಳು ಎಂದು ಹೊರಗೆ ಜನ ಆಡಿಕೊಂಡರು. ಅದನ್ನೂ ನುಂಗಿಕೊಂಡೆ. ನುಂಗಲಾಗದ್ದು ಒಂದೇ. ನನ್ನ ತಾಯಿ, ಹಾಸಿಗೆ ಹಿಡಿದವಳು, ಒಂದು ಮಧ್ಯಾಹ್ನ ಗಂಜಿ ಕುಡಿಸುವಾಗ ನನ್ನ ಮಣಿಕಟ್ಟು ಹಿಡಿದು ಕೇಳಿದಳು:

“ಯಮುನಾ, ನೀನು ತೆಗ್ದಿಲ್ಲ ಅಲ್ವೇನೇ?”

ಇಲ್ಲಮ್ಮ ಎಂದೆ. ಅವಳು ಹೂಂ ಎಂದಳು. ನಂಬಿದಳೋ ಇಲ್ಲವೋ ತಿಳಿಯಲಿಲ್ಲ. ಆ ತಿಂಗಳೇ ಹೋಗಿಬಿಟ್ಟಳು.

ಮತ್ತೆ ಕೆಲಸಕ್ಕೆ ಹಾಜರಾದ ದಿನ ಯಾರೂ ಮುಖ ಕೊಟ್ಟು ಮಾತಾಡಲಿಲ್ಲ. ಜವಾನ ಉಚ್ಚಂಗಪ್ಪ ಮಾತ್ರ ನನ್ನ ಮೇಜು ಒರೆಸಿ, ಅದರ ಮೇಲೆ ಒಂದು ಹೊಸ ಕೆಂಪು ಪೆನ್ಸಿಲು ಚೂಪು ಮಾಡಿ ಇಟ್ಟಿದ್ದ. ಆ ಪೆನ್ಸಿಲಿನ ಮೋಟು ಈಗಲೂ ನನ್ನ ಕನ್ನಡಕದ ಡಬ್ಬಿಯಲ್ಲಿದೆ.

ನಿವೃತ್ತಿಯಾದ ಮಾರನೆಯ ವರ್ಷ ಸೊರಬದ ಬಸ್ ಸ್ಟ್ಯಾಂಡಿನಲ್ಲಿ ಕೂತಿದ್ದೆ. ಪಿಂಚಣಿಯ ಕಾಗದಗಳಲ್ಲಿ ಒಂದು ಗಾಳಿಗೆ ಹಾರಿ ಕೆಳಗೆ ಬಿತ್ತು. ಪಕ್ಕದಲ್ಲಿದ್ದ ಒಬ್ಬ ಹೆಂಗಸು ಬಗ್ಗಿ ಅದನ್ನು ಎತ್ತಿ, ಕಣ್ಣಿಗೊತ್ತಿಕೊಂಡು ನನ್ನ ಕೈಗಿಟ್ಟಳು. ಕಾಗದ ಅಂದರೆ ಸರಸ್ವತಿ, ಕಾಲಿಗೆ ತಾಗಬಾರದು ಎಂದಳು. ಗುಡವಿಯಲ್ಲಿ ಮಗಳನ್ನು ಕೊಟ್ಟಿದ್ದರು, ಅಲ್ಲಿಗೆ ಹೊರಟಿದ್ದಳು. ಚೀಲದಿಂದ ಎರಡು ಬಾಳೆಹಣ್ಣು ತೆಗೆದು ದೊಡ್ಡದನ್ನು ನನಗೆ ಕೊಟ್ಟಳು. ಅವಳಿಗೆ ನಾನು ಯಾರೆಂದು ಗೊತ್ತಿರಲಿಲ್ಲ. ಮಾತಿಗೆ ಮಾತು ಬಂದು ಊರು ಹೇಳಿದಳು, ಗಂಡನ ಹೆಸರು ನೇರವಾಗಿ ಹೇಳದೆ ಸುತ್ತುಬಳಸಿ ಹೇಳಿದಳು. ಗುಡ್ಡಮ್ಮ. ಗುತ್ಯಪ್ಪನವರ ಹೆಂಡತಿ.

ಅವರ ಮನೆಯಲ್ಲಿ ಭೂಮಿ ಹುಣ್ಣಿಮೆಯ ದಿನ ಹೊಲಕ್ಕೆ ಹೋಗುವ ಮೊದಲು ಜಮೀನಿನ ಕಾಗದಗಳಿಗೂ ಪೂಜೆ. ಒಂದೊಂದು ಹಾಳೆಯ ನಾಲ್ಕು ಮೂಲೆಗೂ ಅರಿಶಿಣ ಹಚ್ಚಿ, ಕುಂಕುಮ ಇಟ್ಟು, ಮತ್ತೆ ಕೆಂಪು ವಸ್ತ್ರದಲ್ಲಿ ಕಟ್ಟಿಡುವುದು. ಅದನ್ನು ವಿವರಿಸುತ್ತ ಅವಳು ನಗುತ್ತ ಹೇಳಿದಳು:

“ಒಂದ್ಸಲ ಹಬ್ಬ ಆಗಿ ನಾಕು ದಿನಕ್ಕೆ ನಮ್ಮನೆಯೋರು ಒಂದು ಹಾಳೆ ತಗಂಡು ಒಲೆ ಮುಂದೆ ಕೂತಿದ್ರು, ಸುಡಾಕೆ. ನಮ್ಮೂರು ಕೆರೆ, ದಾರಿ ಎಲ್ಲ ಬರ್ದಿದ್ದ ಹಾಳೆ ಅದು. ಪೂಜೆ ಆಗಿದ್ದ ಕಾಗದ ಸುಟ್ರೆ ಭೂಮ್ತಾಯಿ ಬಿಡ್ತಾಳಾ? ಕಿತ್ಕಂಡೆ. ನಾನು ಜೀವದಾಗೆ ಇರೋ ತಂಕ ಇದ್ನ ಮುಟ್ಬ್ಯಾಡಿ ಅಂತ ಆಣೆ ಹಾಕ್ಸಿದೆ.”

ಅದು ನನ್ನ ಹದಿನೇಳನೆಯ ಹಾಳೆ. ಬಸ್ಸು ಬಂದಾಗ ಆಕೆ ನನ್ನ ಚೀಲವನ್ನೂ ಎತ್ತಿ ಕೊಡಲು ಬಂದಳು. ಒಳ್ಳೆಯ ಹೆಂಗಸು. ಅವಳು ಕೊಟ್ಟ ಹಣ್ಣನ್ನು ತಿಂದೇ ನಾನು ಅವಳ ಗಂಡನ ಮೇಲೆ ಹಲ್ಲು ಮಸೆದೆ.

ಎರಡು ವರ್ಷದ ಹಿಂದೆ ಗುಡ್ಡಮ್ಮ ತೀರಿಕೊಂಡಳೆಂದು ತಿಳಿಯಿತು. ಆಣೆ ಮುಗಿದಿತ್ತು. ಆತ ಈಗ ಸುಟ್ಟುಬಿಡಬಹುದು ಎಂಬ ಹೆದರಿಕೆ ಶುರುವಾಯಿತು. ಆದರೆ ಸತ್ತ ಹೆಂಡತಿಯ ಅರಿಶಿಣ ಇರುವ ಗಂಟನ್ನು ಬಿಚ್ಚಲು ಗಂಡಸಿಗೆ ಕೈ ಬರಲಿಕ್ಕಿಲ್ಲ ಎಂದೂ ಅನ್ನಿಸುತ್ತಿತ್ತು. ಆ ನಂಬಿಕೆಯ ಮೇಲೆ ದಿನ ದೂಡುತ್ತಿದ್ದೆ. ಆಗ ಬಂತು ಕರುಣಾಳ ಫೋನು.

ಕರುಣಾ ನನ್ನ ಅಣ್ಣನ ಮಗಳು. ಶಿಕಾರಿಪುರದಲ್ಲಿ ಬಿತ್ತನೆ ಭತ್ತ ಬೆಳೆಯುವ ರೈತರೇ ಸೇರಿ ಮಾಡಿಕೊಂಡ ಒಂದು ಕಂಪನಿ ಇದೆ. ಶಿಕಾರಿಪುರ, ಸೊರಬ ಎರಡೂ ತಾಲ್ಲೂಕಿನವರು ಸದಸ್ಯರು. ಬಿತ್ತನೆ ಬೀಜ ಬೆಳೆಯಬೇಕಾದರೆ ಜಮೀನಿನ ಕಾಗದ ತೋರಿಸಬೇಕು. ಅದಕ್ಕಾಗಿ ಜನ ಜೆರಾಕ್ಸ್ ಹಿಡಿದು ಶಿಕಾರಿಪುರಕ್ಕೆ ಅಲೆಯುತ್ತಿದ್ದರು. ಕಂಪನಿಯ ಮೊಬೈಲ್ ಆಪ್ ನೋಡಿಕೊಳ್ಳುವವಳು ಕರುಣಾ. ಮನೆಯಲ್ಲೇ ಕೂತು ಫೋನಿನಿಂದ ಕಾಗದ ಸ್ಕ್ಯಾನ್ ಮಾಡಿ ಕಳಿಸುವ ಸೌಲಭ್ಯವನ್ನು ಅದಕ್ಕೆ ಸೇರಿಸುತ್ತಿದ್ದೇನೆ, ಹಳೆಯ ಕಾಗದಗಳ ವಿಷಯ ನಿಮಗಿಂತ ಚೆನ್ನಾಗಿ ಬಲ್ಲವರಿಲ್ಲ, ನಾಲ್ಕು ದಿನ ಬಂದು ಹೋಗಿ ಅತ್ತೆ ಎಂದಳು.

ಶಿರಾಳಕೊಪ್ಪದ ಮೇಲಿನ ಬಸ್ಸಿನಲ್ಲಿ ಹೋದೆ. ಗೊಬ್ಬರದ ಅಂಗಡಿಯ ಮಹಡಿಯಲ್ಲಿ ಅವಳ ಕಚೇರಿ. ನಾನು ಹೋಗುತ್ತಲೇ ಅವಳು ಫ್ಯಾನು ನಿಧಾನ ಮಾಡಿದಳು. ಕಾಗದ ಹಾರಬಾರದು ಎಂದು ಹೇಳಿದಳು, ನನ್ನ ಕೆಮ್ಮಿಗಾಗಿ ಎಂದು ನನಗೆ ಗೊತ್ತಾಯಿತು. ಫೋನನ್ನು ಕಾಗದದ ಮೇಲೆ ಹಿಡಿದರೆ ಸುತ್ತ ಒಂದು ಹಸಿರು ಗೆರೆ ತಾನಾಗಿ ಮೂಡಿ, ಅಂಚು ಸರಿಯಾಗಿ ಸಿಕ್ಕ ಕೂಡಲೇ ಟಿಕ್ ಎಂದು ಚಿತ್ರ ತೆಗೆಯುತ್ತಿತ್ತು. ಬಳ್ಳಿಗಾವಿಯ ಶಾಸನಗಳನ್ನೂ ಓದುತ್ತದೇನು ನಿನ್ನ ಆಪ್ ಎಂದು ಕೇಳಿದೆ. ಮೊದಲು ನಮ್ಮಪ್ಪನ ಖರೀದಿ ಪತ್ರ ಓದಲಿ ಅತ್ತೆ ಎಂದಳು.

ಅದನ್ನೇ ಅದು ಓದುತ್ತಿರಲಿಲ್ಲ. ಅಣ್ಣನ ಮನೆಯ ಖರೀದಿ ಪತ್ರಕ್ಕೂ ಮೂಲೆಗಳಲ್ಲಿ ಅರಿಶಿಣ ಇತ್ತು. ಮೇಜು ಹಳದಿ ಬಣ್ಣದ್ದು. ಹಸಿರು ಗೆರೆ ಅರಿಶಿಣದ ಮೂಲೆಗೆ ಬಂದು ಅಲ್ಲಿಗೇ ಕಾಗದ ಮುಗಿಯಿತು ಎಂದುಕೊಂಡು ಮೂಲೆಯನ್ನು ಕತ್ತರಿಸಿ ಬಿಸಾಕುತ್ತಿತ್ತು. ನಾಲ್ಕು ದಿನದಿಂದ ಇದೇ ಗೋಳು ಎಂದು ಕರುಣಾ ತಲೆ ಮೇಲೆ ಕೈ ಹೊತ್ತಿದ್ದಳು. ಅವಳು ಬೆಳಕು ಬದಲಿಸಿದ್ದಳು, ನೆರಳು ತೆಗೆದಿದ್ದಳು. ಹುಣ್ಣಿಮೆಯ ಅರಿಶಿಣವನ್ನು ಲೆಕ್ಕಕ್ಕೆ ತೆಗೆದುಕೊಂಡಿರಲಿಲ್ಲ.

ನಾನು ಆ ಕತ್ತರಿಸಿ ಹೋದ ಬಲಮೂಲೆಯನ್ನೇ ನೋಡುತ್ತ ಕೂತೆ. ಅಂಕಿ ಇರುವ ಮೂಲೆ ಅದು. ನನ್ನ ಹನ್ನೊಂದು ವರ್ಷದ ಕಾಯುವಿಕೆಗೆ ದಾರಿ ಸಿಕ್ಕಿತು ಎಂದು ಅನ್ನಿಸಿದ್ದು ಆ ಕ್ಷಣದಲ್ಲಿ.

ಕಾಗದವನ್ನು ಕರಿ ಕಂಬಳಿಯ ಮೇಲೆ ಇಡಲು ಹೇಳು ಎಂದೆ. ನಮ್ಮ ಕಡೆ ಕಂಬಳಿ ಇಲ್ಲದ ಮನೆ ಇಲ್ಲ. ಕೆಳಗಿನ ಅಂಗಡಿಯವರಿಂದ ಒಂದು ಕಂಬಳಿ ತರಿಸಿ ಹಾಸಿದೆವು. ಹಸಿರು ಗೆರೆ ನಾಲ್ಕು ಮೂಲೆಗೂ ಹೋಗಿ ನಿಂತಿತು. ಕರುಣಾ ಎದ್ದು ಬಂದು ನನ್ನ ಕೆನ್ನೆ ಹಿಂಡಿದಳು.

ಎರಡನೆಯದು ಬಣ್ಣದ ಪ್ರಶ್ನೆ. ಚಿತ್ರವನ್ನು ಕಪ್ಪು ಬಿಳುಪಾಗಿ, ಕಲೆಗಳನ್ನೆಲ್ಲ ತೊಳೆದು ಕಳಿಸುವಂತೆ ಅವಳು ಮಾಡಿದ್ದಳು. ಹಳ್ಳಿಗಳಲ್ಲಿ ನೆಟ್‌ವರ್ಕ್ ಕಡಿಮೆ, ಬಣ್ಣದ ಚಿತ್ರ ಹೋಗುವುದು ತಡ. ಹಾಗೆ ತೊಳೆದ ಚಿತ್ರದಲ್ಲಿ ಅರಿಶಿಣ ಬೂದಿಯಾಗುತ್ತಿತ್ತು, ಅದರ ಕೆಳಗೆ ಕೆಂಪು ಪೆನ್ಸಿಲಿನ ಗೆರೆ ಇದ್ದರೆ ಅದೂ ಬೂದಿಯಲ್ಲೇ ಹೋಗುತ್ತಿತ್ತು. ಬಣ್ಣ ಇರಲೇಬೇಕು ಎಂದು ನಾನು ಹಟ ಹಿಡಿದೆ. ಮೊಹರು ನೇರಳೆಯೋ ಕಪ್ಪೋ ಎನ್ನುವುದರಲ್ಲೇ ಅಸಲು ಯಾವುದು ನಕಲು ಯಾವುದು ಗೊತ್ತಾಗುವುದು, ಅಧಿಕಾರಿಯ ಟಿಪ್ಪಣಿ ಕೆಂಪು ಶಾಯಿಯಲ್ಲಿರುತ್ತದೆ, ತಡವಾದರೆ ಆಗಲಿ ಎಂದು ಒಂದು ಗಂಟೆ ಪಾಠ ಹೇಳಿದೆ. ಹೇಳಿದ ಮಾತೆಲ್ಲ ನಿಜ. ಹೇಳದೆ ಉಳಿಸಿಕೊಂಡದ್ದು ಒಂದೇ ಒಂದು. ಅವಳು ಒಪ್ಪಿದಳು. ಚಿತ್ರದ ಗಾತ್ರ ತಗ್ಗಿಸಲು ಆಮೇಲೆ ಒಂದು ವಾರ ನಿದ್ದೆಗೆಟ್ಟಳಂತೆ.

ಮೂರನೆಯದು ತೆರೆಯ ಮೇಲಿನ ಸೂಚನೆ. ‘ಅಗತ್ಯ ದಾಖಲೆಗಳನ್ನು ಸ್ಕ್ಯಾನ್ ಮಾಡಿ’ ಎಂದು ಅವಳು ಬರೆದಿದ್ದಳು. ಯಾವುದು ಅಗತ್ಯ ಎಂದು ರೈತರಿಗೆ ಹೇಗೆ ಗೊತ್ತಾಗಬೇಕು ಎಂದು ಕೇಳಿ ನಾನೇ ಬೇರೆ ಬರೆದುಕೊಟ್ಟೆ: ‘ಮನೆಯಲ್ಲಿರುವ ಜಮೀನಿನ ಕಾಗದಗಳನ್ನೆಲ್ಲ ಒಂದೊಂದಾಗಿ ಕರಿ ಕಂಬಳಿಯ ಮೇಲಿಟ್ಟು ಸ್ಕ್ಯಾನ್ ಮಾಡಿ. ಯಾವುದನ್ನೂ ಬಿಡಬೇಡಿ. ಬೇಕಾದ್ದು ಯಾವುದು ಎಂದು ನಾವು ನೋಡಿಕೊಳ್ಳುತ್ತೇವೆ.’

ಎಷ್ಟು ಪ್ರೀತಿಯಿಂದ ಬರೆದಿದ್ದೀರಿ ಅತ್ತೆ, ಜನಕ್ಕೆ ಧೈರ್ಯ ಬರುತ್ತದೆ ಎಂದಳು ಕರುಣಾ. ನಾನು ಕನ್ನಡಕ ಒರೆಸಿಕೊಂಡೆ. ಕಂಪನಿಯ ಸದಸ್ಯರ ಪಟ್ಟಿಯಲ್ಲಿ ಹೊಸಬಾಳೆ ಕಡೆಯ ಹಳ್ಳಿಗಳೂ ಇದ್ದವು. ಗುತ್ಯಪ್ಪನವರ ಮಗನ ಹೆಸರನ್ನು ನಾನು ಆಗಲೇ ನೋಡಿಯಾಗಿತ್ತು. ಆ ಕಡೆ ಶಿಬಿರ ಮಾಡುವ ದಿನ ನಾನೂ ಬರುತ್ತೇನೆ ಎಂದೆ.

ಮಾಘದ ಒಂದು ಬೆಳಿಗ್ಗೆ ಆ ಊರಿನ ಗೋದಾಮಿನಲ್ಲಿ ಶಿಬಿರ ಕೂಡಿತು. ಮೂರು ಮೇಜಿನ ಮೇಲೆ ಮೂರು ಕರಿ ಕಂಬಳಿ. ಜನ ಬಟ್ಟೆಯ ಗಂಟು, ಟ್ರಂಕು, ಬಿಸ್ಕತ್ತಿನ ಡಬ್ಬಿಗಳಲ್ಲಿ ಕಾಗದ ತಂದಿದ್ದರು. ಕರುಣಾ ಅತ್ತಿಂದಿತ್ತ ಓಡಾಡುತ್ತ ಕಲಿಸುತ್ತಿದ್ದಳು. ನಾನು ಬಾಗಿಲಿಗೆ ಬೆನ್ನು ಹಾಕಿ ಮೂರನೆಯ ಮೇಜಿನ ಹತ್ತಿರ ಕೂತಿದ್ದೆ. ನನ್ನ ಚೀಲದಲ್ಲಿ ಒಂದು ಹಾಳೆ ಇತ್ತು. ಹನ್ನೊಂದು ವರ್ಷದ ಹಿಂದೆಯೇ ಬರೆದಿಟ್ಟ ಹೇಳಿಕೆ. ತಾರೀಕಿನ ಜಾಗ, ಸಹಿಯ ಜಾಗ, ಇಬ್ಬರು ಸಾಕ್ಷಿಗಳ ಜಾಗ ಖಾಲಿ.

ಹತ್ತೂವರೆಗೆ ಗುತ್ಯಪ್ಪನವರು ಬಂದರು. ಸೊಸೆ ಮುಂದೆ, ಮಾವ ಹಿಂದೆ, ಅವಳ ಭುಜದ ಮೇಲೆ ಒಂದು ಕೈ ಇಟ್ಟುಕೊಂಡು. ಎಂಬತ್ತಾಗಿತ್ತು, ಒಂದು ಕಣ್ಣು ಮಂಜು. ಇನ್ನೊಂದು ಕೈಯಲ್ಲಿ ಕೆಂಪು ಗಂಟನ್ನು ಎದೆಗೆ ಒತ್ತಿ ಹಿಡಿದಿದ್ದರು. ಸೊಸೆಯ ಹೆಸರು ಸ್ಪಂದನ. ಮೂವತ್ತರೊಳಗಿನ ಹುಡುಗಿ, ಡಿಗ್ರಿ ಓದಿದವಳು. ಮಗ ಟ್ರ್ಯಾಕ್ಟರು ರಿಪೇರಿಗೆಂದು ಸಾಗರಕ್ಕೆ ಹೋಗಿದ್ದನಂತೆ. ಅವಳು ಬಂದವಳೇ ಮಾವನಿಗೆ ಕುರ್ಚಿ ಎಳೆದು, ಬಿಸಿಲು ಕಣ್ಣಿಗೆ ಹೊಡೆಯದಂತೆ ಅದನ್ನು ಸ್ವಲ್ಪ ತಿರುಗಿಸಿದಳು. ಅದನ್ನು ನಾನು ನೋಡಿದೆ. ನೋಡಿ ಮನಸ್ಸು ಗಟ್ಟಿ ಮಾಡಿಕೊಂಡೆ.

ಗಂಟು ಬಿಚ್ಚಲು ಮುದುಕರು ಒಪ್ಪಲಿಲ್ಲ. ಮೇಲಿನ ನಾಲ್ಕು ಕಾಗದ ಸಾಕು, ಉಳಿದದ್ದೆಲ್ಲ ಹಳೆಯದು ಎಂದರು. ಸ್ಪಂದನ ಫೋನು ತೋರಿಸಿ, ಯಾವುದನ್ನೂ ಬಿಡಬೇಡಿ ಅಂತ ಬರೆದಿದ್ದಾರಲ್ಲ ಮಾವ, ಆಮೇಲೆ ಒಂದು ಕಡಿಮೆ ಅಂತ ಮತ್ತೆ ಅಲೆಯುವುದು ಯಾರು ಎಂದು ನಿಧಾನವಾಗಿ ಅವರ ಬೆರಳು ಬಿಡಿಸಿದಳು. ಕೆಂಪು ವಸ್ತ್ರ ಬಿಚ್ಚಿಕೊಂಡಿತು. ಅರಿಶಿಣ, ಕರ್ಪೂರ, ಜಿರಲೆ ಗುಳಿಗೆಯ ವಾಸನೆ ಒಟ್ಟಿಗೆ ಬಂತು.

ಒಂದೊಂದಾಗಿ ಅವಳು ಕಂಬಳಿಯ ಮೇಲೆ ಇಡುತ್ತ ಹೋದಳು. ಟಿಕ್. ಪಹಣಿ. ಟಿಕ್. ಖರೀದಿ ಪತ್ರ. ಟಿಕ್. ಪಾಲು ಪತ್ರ. ನಾನು ಹಾಳೆಯ ಸುಕ್ಕು ಬಿಡಿಸಿ ಕೊಡುತ್ತಿದ್ದೆ. ಹತ್ತೋ ಹನ್ನೊಂದೋ ಆದ ಮೇಲೆ, ನಾಲ್ಕು ಮಡಿಕೆಯ ಒಂದು ಕಂದು ಹಾಳೆ ಬಂತು. ಮುದುಕರ ಕೈ ಥಟ್ಟನೆ ಬಂದು ಅದರ ಮೇಲೆ ಕೂತಿತು.

“ಅದು ಬ್ಯಾಡ. ಯಾವ್ದೋ ಹಳೇದು ಬಿಡು.”

“ಅತ್ತೆಮ್ಮ ಅರಿಶಿಣ ಹಚ್ಚಿ ಇಟ್ಟಿದ್ದು ಮಾವ. ಬ್ಯಾಡಾದ್ದಾಗಿದ್ರೆ ಇಡ್ತಿದ್ರಾ?” ಎಂದಳು ಸ್ಪಂದನ.

ಮುದುಕರ ಕೈ ತಾನಾಗಿ ಹಿಂದೆ ಹೋಯಿತು. ಅವಳು ಮಡಿಕೆ ಬಿಡಿಸಿ ಕಂಬಳಿಯ ಮೇಲಿಟ್ಟಳು. ಹಸಿರು ಗೆರೆ ನಾಲ್ಕು ಮೂಲೆಗೂ ಹೋಗಿ ನಿಂತಿತು. ಟಿಕ್.

ಕರಿಯ ಮೇಲೆ ಕಂದು ಹಾಳೆ, ನಾಲ್ಕು ಹಳದಿ ಮೂಲೆಗಳು. ಮೂವತ್ತಕ್ಕೂ ಹೆಚ್ಚು ಹುಣ್ಣಿಮೆಗಳ ಅರಿಶಿಣ ಒಂದರ ಮೇಲೊಂದು ಕೂತು ಮೂಲೆ ಗಟ್ಟಿಯಾಗಿತ್ತು. ಬಲಮೂಲೆಯ ಹಳದಿಯೊಳಗೆ, ಬೇಯಿಸಿದ ಬೇಳೆಯಲ್ಲಿ ಮೆಣಸಿನಕಾಯಿಯ ಚೂರು ಕಂಡಂತೆ, ಏನೋ ಕೆಂಪಗಿತ್ತು.

“ಆ ಮೂಲೆ ಸ್ವಲ್ಪ ದೊಡ್ಡದು ಮಾಡಮ್ಮ,” ಎಂದೆ.

ಅವಳು ಎರಡು ಬೆರಳಿನಿಂದ ಚಿತ್ರ ಹಿಗ್ಗಿಸಿದಳು. “ಏನೋ ಅಂಕಿ ಐತೆ. ಹದಿನೇಳು.”

“ಸುತ್ತ ಸೊನ್ನೆ ಇದೆಯಾ?”

“ಇದೆ ಅಮ್ಮ. ನಿಮ್ಗೆ ಹೆಂಗೆ ಗೊತ್ತು?”

“ಕೆಳಗೆ ನೇರಳೆ ಮೊಹರಿದೆ. ಗಟ್ಟಿಯಾಗಿ ಓದು.”

ಅವಳು ಗಟ್ಟಿಯಾಗಿಯೇ ಶುರು ಮಾಡಿದಳು. ಕಚೇರಿಯ ಹೆಸರು, ದಾಖಲೆ ಕೊಠಡಿ, ಕಡತದ ಸಂಖ್ಯೆ. ಓದುತ್ತ ಓದುತ್ತ ಅವಳ ದನಿ ತಗ್ಗಿತು. ಓದಿದ ಹುಡುಗಿ, ಸರ್ಕಾರದ ಕಡತದ ಹಾಳೆ ಮನೆಯ ದೇವರ ಗೂಡಿನಲ್ಲಿ ಇರಬಾರದು ಎಂದು ಅವಳಿಗೆ ಯಾರೂ ಹೇಳಿಕೊಡಬೇಕಾಗಿರಲಿಲ್ಲ. ಪಕ್ಕದ ಮೇಜಿನಲ್ಲಿದ್ದ ರಾಮಪ್ಪ ಎಂಬ ಮುದುಕ ಎದ್ದು ಬಂದ. ಹಿಂದೆ ದಾರಿಯ ತಕರಾರು ಹೂಡಿದವರಲ್ಲಿ ಅವನೂ ಒಬ್ಬ. ಮೂವತ್ತೈದು ವರ್ಷದಿಂದ ಸುತ್ತುಬಳಸಿ ಕೆರೆಗೆ ಎಮ್ಮೆ ಹೊಡೆದವನು.

“ಅದ್ರಾಗೆ ಕೆರೆ ದಾರಿ ಐತಾ ನೋಡವ್ವ. ನಂಗೆ ಅಕ್ಷರ ಬರಾಕಿಲ್ಲ, ದಾರಿ ಗೊತ್ತಾಗ್ತದೆ.”

ಅವಳು ಫೋನು ಅವನ ಮುಂದೆ ಹಿಡಿದಳು. ಅವನು ಬೆರಳಿನಿಂದ ಬೇಲಿಯವರೆಗೆ, ಬೇಲಿಯ ಒಳಗೆ, ಕೆರೆಯ ಏರಿಯವರೆಗೆ ಗೆರೆಯ ಮೇಲೆ ನಡೆದು ಹೋದ. ಬೆರಳು ತಾಗಿ ಚಿತ್ರ ಸರಿದಾಗ ಅವಳು ತಾಳ್ಮೆಯಿಂದ ಮತ್ತೆ ಸರಿ ಮಾಡಿಕೊಟ್ಟಳು. ಅಷ್ಟೊತ್ತಿಗೆ ಗೋದಾಮಿನಲ್ಲಿದ್ದವರೆಲ್ಲ ಸುತ್ತ ನೆರೆದಿದ್ದರು.

ಆಗ ಗುತ್ಯಪ್ಪನವರು ನನ್ನ ಕಡೆ ತಿರುಗಿದರು. ಒಂದು ಕಣ್ಣಿನಲ್ಲಿ ಬಹಳ ಹೊತ್ತು ನೋಡಿದರು.

“ರೆಕಾರ್ಡ್ ರೂಮಿನ ಅಮ್ಮಾರಾ?”

“ಹೌದು, ಯಮುನಮ್ಮ,” ಎಂದೆ. ಬೇರೆ ಏನೂ ಹೇಳಲಿಲ್ಲ. ಹೇಳಬೇಕಾದ ಮಾತು ನನ್ನದಲ್ಲವೆಂದು ಮೊದಲೇ ನಿರ್ಧರಿಸಿಕೊಂಡಿದ್ದೆ. ನನಗೆ ಒಂದು ಪ್ರಶ್ನೆ ಬೇಕಾಗಿತ್ತು. ಅದು ಅವರ ಮನೆಯವರ ಬಾಯಿಂದಲೇ ಬರಬೇಕಾಗಿತ್ತು.

ಸ್ಪಂದನ ಫೋನು ಕೆಳಗಿಟ್ಟಳು. ಮಾವನ ಕುರ್ಚಿಯ ಪಕ್ಕ ಮಂಡಿಯೂರಿ, ಅವರ ಮಣಿಕಟ್ಟು ಹಿಡಿದಳು.

“ಮಾವ, ಇದ್ನ ನೀವು ತೆಗ್ದಿಲ್ಲ ಅಲ್ವಾ?”

ಇಲ್ಲ ಎಂದುಬಿಡಿ ಎಂದು ಆ ಪ್ರಶ್ನೆಯೇ ಬೇಡಿಕೊಳ್ಳುತ್ತಿತ್ತು. ಪ್ರೀತಿ ಇದ್ದವರು ಮಾತ್ರ ಹಾಗೆ ಕೇಳಬಲ್ಲರು, ಪ್ರೀತಿ ಇದ್ದವರು ಕೇಳಿದರೆ ಮಾತ್ರ ಅದು ಹಾಗೆ ಇರಿಯುತ್ತದೆ. ಮೂವತ್ತೈದು ವರ್ಷ ಅದನ್ನು ಎದೆಯಲ್ಲಿಟ್ಟುಕೊಂಡವಳಿಗೆ ಗೊತ್ತು. ನಾನು ಒಂದು ರೆಪ್ಪೆಯನ್ನೂ ಬಡಿಯದೆ ನೋಡಿದೆ.

“ಸುಡಾಕೆ ಹೋಗಿದ್ದೆ,” ಎಂದರು. “ಗುಡ್ಡಿ ಬಿಡಲಿಲ್ಲ.”

ಸ್ಪಂದನ ಮಣಿಕಟ್ಟು ಬಿಟ್ಟು ಎದ್ದು ನಿಂತಳು.

ಗೋದಾಮಿನ ಮೂಲೆಯಲ್ಲಿ ನೀರಿನ ಕ್ಯಾನಿತ್ತು. ನಾನು ಎದ್ದು ಹೋಗಿ ಒಂದು ಲೋಟ ತುಂಬಿಸಿಕೊಂಡು ಬಂದೆ. ಈ ಸಲ ಏಳುವಾಗ ಹಾಳೆಯನ್ನು ಕೈಯಲ್ಲಿ ಹಿಡಿದುಕೊಂಡೇ ಎದ್ದೆ. ಲೋಟವನ್ನು ಅವರ ಮುಂದೆ ಇಟ್ಟೆ.

“ನೀರು ಕುಡೀರಿ ಗುತ್ಯಪ್ಪನೋರೆ. ತಲೆ ಸುತ್ತಬಹುದು.”

ಅವರಿಗೆ ನೆನಪಿತ್ತು. ಲೋಟ ನೋಡಿದ ರೀತಿಯಲ್ಲೇ ಅದು ಗೊತ್ತಾಯಿತು. ಅವರು ಅದನ್ನು ಮುಟ್ಟಲಿಲ್ಲ.

ಚೀಲದಿಂದ ನನ್ನ ಹಾಳೆ ತೆಗೆದು ತಾರೀಕು ತುಂಬಿದೆ. ಕಡತದ ಹದಿನೇಳನೆಯ ಹಾಳೆಯನ್ನು ಗುತ್ಯಪ್ಪನಾದ ನಾನೇ ತೆಗೆದದ್ದು, ಅದರಲ್ಲಿ ರೆಕಾರ್ಡ್ ರೂಮಿನ ಯಮುನಮ್ಮನವರ ತಪ್ಪಿಲ್ಲ ಎಂದು ಅದರಲ್ಲಿತ್ತು. ಒಂದೊಂದು ಸಾಲೂ ಎಲ್ಲರಿಗೂ ಕೇಳುವಂತೆ ಓದಿದೆ. ವಯಸ್ಸಾದವರು, ಮನೆಗೆ ಹೋಗಿ ಮಾಡಿಸಬಹುದಿತ್ತೇನೋ ಎಂದು ಯಾರೋ ಗೊಣಗಿದರು. ನನ್ನ ವಿಚಾರಣೆಯೂ ತುಂಬಿದ ಸಭೆಯಲ್ಲೇ ನಡೆದಿತ್ತು. ಓದು ನಿಲ್ಲಿಸಲಿಲ್ಲ. ಅವರು ಸಹಿ ಹಾಕಿದರು. ಅಕ್ಷರ ಸೊಟ್ಟಗಾಯಿತು, ಅದನ್ನೂ ಸ್ಪಷ್ಟವಾಗಿ ಬರೆಯಿರಿ ಎಂದು ಎರಡನೆಯ ಸಲ ಹಾಕಿಸಿದೆ. ಸಾಕ್ಷಿಗೆ ರಾಮಪ್ಪ ಹೆಬ್ಬೆಟ್ಟು ಒತ್ತಿದ. ಇನ್ನೊಂದು ಸಾಕ್ಷಿ ಯಾರೂ ಮುಂದೆ ಬರದೆ ಇದ್ದಾಗ ಸ್ಪಂದನ ಪೆನ್ನು ತೆಗೆದುಕೊಂಡು ಸಹಿ ಮಾಡಿದಳು. ಅಷ್ಟೇ ಅಲ್ಲ, ಕೆಳಗೆ ತಾನಾಗಿಯೇ ಒಂದು ಸಾಲು ಸೇರಿಸಿದಳು: ‘ಈ ಹಾಳೆ ನಮ್ಮ ಮನೆಯ ಗಂಟಿನಲ್ಲಿ ನನ್ನ ಕೈಗೆ ಸಿಕ್ಕಿತು.’ ನಾನು ಕೇಳಿರಲಿಲ್ಲ. ಪೆನ್ನು ವಾಪಸು ಕೊಡುವಾಗ ಅದರ ಮುಚ್ಚಳ ಹಾಕಿ ಕೊಟ್ಟಳು.

ಹೇಳಿಕೆಯನ್ನೂ ಹಾಳೆಯನ್ನೂ ಕಂಬಳಿಯ ಮೇಲಿಟ್ಟು ಕರುಣಾಳ ಕೈಯಲ್ಲೇ ಸ್ಕ್ಯಾನ್ ಮಾಡಿಸಿದೆ. ಅಸಲುಗಳನ್ನು ಮಾರನೆಯ ದಿನ ಕಚೇರಿಗೆ ಒಪ್ಪಿಸಿ, ಸೇವಾ ಪುಸ್ತಕದ ಕೆಂಪು ಸಾಲು ಹೊಡೆದುಹಾಕಬೇಕೆಂದು ಅರ್ಜಿ ಕೊಟ್ಟು ಬಂದೆ. ರಾಮಪ್ಪನೂ ದಾರಿಗಾಗಿ ಬೇರೆ ಅರ್ಜಿ ಕೊಟ್ಟಿದ್ದಾನೆ. ಉತ್ತರ ಬರುವಾಗ ಬರಲಿ. ನನಗೆ ಬೇಕಾದದ್ದು ಆ ಬೆಳಿಗ್ಗೆಯೇ ಸಿಕ್ಕಿತ್ತು.

ಅವರು ಹೊರಟಾಗ ಗೋದಾಮಿನ ಬಾಗಿಲವರೆಗೆ ಹೋಗಿ ನಿಂತು ನೋಡಿದೆ. ಮೆಟ್ಟಿಲು ಇಳಿಯಲು ಮುದುಕರು ಎಂದಿನಂತೆ ಕೈ ಚಾಚಿದರು. ಸ್ಪಂದನ ಭುಜ ಕೊಟ್ಟಳು. ಮುಖ ಕೊಡಲಿಲ್ಲ. ಬಂದಾಗ ದಾರಿಯುದ್ದಕ್ಕೂ ಏನೋ ಹೇಳಿಕೊಂಡು ಬಂದವಳು ಈಗ ಸುಮ್ಮನೆ ಮುಂದೆ ನೋಡುತ್ತ ನಡೆದಳು. ಕೆಂಪು ವಸ್ತ್ರದ ಗಂಟು ಈಗ ಅವಳ ಕಂಕುಳಲ್ಲಿತ್ತು. ಹುಣಸೆಮರದ ತಿರುವಿನಲ್ಲಿ ಅವರು ಮರೆಯಾಗುವವರೆಗೂ ನಾನು ಅಲ್ಲಿಂದ ಕದಲಲಿಲ್ಲ.

ಕರುಣಾ ಹಿಂದೆ ಬಂದು ನಿಂತಿದ್ದಳು. ಅವಳ ಮುಖದಲ್ಲಿ ಏನಿತ್ತೋ ನಾನು ತಿರುಗಿ ನೋಡಲಿಲ್ಲ.

“ಬಣ್ಣ ಬೇಕು ಅಂದಿದ್ದು ಇದಕ್ಕೇನು ಅತ್ತೆ? ಕಂಬಳಿನೂ?”

“ಕಂಬಳಿ ನಿನಗೆ,” ಎಂದೆ. “ಬಣ್ಣ ನನಗೆ.”

ಅವಳು ಬಿಸಿಲಿನಲ್ಲಿ ನಿಲ್ಲಬೇಡಿ ಎಂದು ಒಳಗಿನಿಂದ ಒಂದು ಕುರ್ಚಿ ತಂದು ಹಾಕಿ ಹೋದಳು. ನಾನು ಕೂರಲಿಲ್ಲ. ಮೇಜಿನ ಹತ್ತಿರ ಬಂದೆ. ಅವರು ಮುಟ್ಟದ ಲೋಟ ಹಾಗೇ ಇತ್ತು. ನನಗೆ ಬಹಳ ಬಾಯಾರಿತ್ತು. ಆ ನೀರನ್ನು ನಾನೇ ಕುಡಿದೆ.